ಒಳಗಿನ ಚಿಲಕ

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳಲ್ಲಿ ನಾನು ನೌಕರಿ ಮಾಡಿದ್ದೇನೆ. ಈಗ ಮೂರರಲ್ಲಿ ಒಂದು ಊರಿನಲ್ಲಿ ಮನೆ ಕಟ್ಟಿಕೊಂಡು ಇದ್ದೇನೆ. ಯಾವ ಊರೆಂದು ಹೇಳುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ತಿಳಿದುಕೊಂಡು ಮಾಡಬೇಕಾದ್ದೇನೂ ಇಲ್ಲ. ಇಷ್ಟು ಬರೆದು ನಮ್ಮ ಮನೆಯವರಿಗೆ ಓದಿ ತೋರಿಸಿದಾಗ, "ಇದರಾಗೂ ಸಂಶಯ ಏನು ನಿಂದು?" ಎಂದು ನಕ್ಕರು. ನಗಲಿ. ಸಂಶಯಪಟ್ಟೇ ನಾನು ಸಂಬಳ ತೆಗೆದುಕೊಂಡವಳು. ಆಹಾರ ಇಲಾಖೆಯಲ್ಲಿ ನಿರೀಕ್ಷಕಿಯಾಗಿದ್ದೆ. ರೇಷನ್ ಅಂಗಡಿಗೆ ಹೋದರೆ ಮೊದಲು ತಕ್ಕಡಿಯ ತಟ್ಟೆ ಎತ್ತಿ ಅಡಿಗೆ ಏನು ಅಂಟಿಸಿದ್ದಾರೆಂದು ನೋಡುತ್ತಿದ್ದೆ. ಚೀಲದ ಬಾಯಿಯಲ್ಲಿದ್ದ ಅಕ್ಕಿ ಬಿಟ್ಟು ತಳದ ಅಕ್ಕಿ ತೆಗೆಸುತ್ತಿದ್ದೆ. ಅಂಗಡಿಯವನು ಚಹಾ ತರಿಸಿದರೆ ಯಾಕೆ ತರಿಸಿದ ಎಂದು ಯೋಚಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ತಕ್ಕಡಿ ಹೋಯಿತು, ಚಾಳಿ ಹೋಗಲಿಲ್ಲ.

ಹಾಗಾಗಿ ನಮ್ಮೂರ ಆಡಳಿತದವರು, ವಯಸ್ಸಾದವರಿಗೆ ಮನೆ ಮತ್ತು ಆರೈಕೆಯ ಯೋಜನೆ ಮಾಡುತ್ತೇವೆ, ಸಮಿತಿಯಲ್ಲಿ ನೀವಿರಬೇಕು ಎಂದು ಹೇಳಿ ಕಳಿಸಿದಾಗ ನನ್ನ ಮೂಗಿಗೆ ಏನೋ ವಾಸನೆ ಬಡಿಯಿತು. ಚರಂಡಿ ತೆಗೆಯಿರೆಂದು ನಾನು ಎಷ್ಟು ಸಲ ಅಲೆದರೂ ಕುರ್ಚಿ ಕೊಡದವರು ಈಗ ಮನೆಗೇ ಮಂದಿ ಕಳಿಸಿ ಕರೆಯುತ್ತಿದ್ದಾರೆ. ಸಭೆಯಲ್ಲಿ ನಮ್ಮ ವಾರ್ಡಿನ ಸದಸ್ಯ ಗುಟ್ಟು ಬಿಟ್ಟುಕೊಟ್ಟ.

"ಮೇಡಮ್ಮಾರ ಹೂಂ ಅಂದ್ರ ಮಂದಿ ನಂಬತಾರ್ರಿ. ಅವರು ಯಾರನ್ನೂ ನಂಬಂಗಿಲ್ಲ ಅಂತ ಎಲ್ಲಾರಿಗೂ ಗೊತ್ತದ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದರೆ ಇವರಿಗೆ ಬೇಕಾಗಿದ್ದು ನನ್ನ ಬುದ್ಧಿಯಲ್ಲ, ನನ್ನ ಸಂಶಯದ ಹೆಸರು ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಯೋಜನೆ ಕೇಳಲಿಕ್ಕೆ ಚೆನ್ನಾಗಿಯೇ ಇತ್ತು. ಒಂಟಿ ಮುದುಕ ಮುದುಕಿಯರಿಗೆ ಸಾಲಾಗಿ ಒಂದೊಂದು ಕೋಣೆ. ನಡುವೆ ಅಡುಗೆಮನೆ, ನರ್ಸು ಕೂಡುವ ಜಾಗ. ಅಲ್ಲಿಗೆ ಬರಲು ಮನಸ್ಸಿಲ್ಲದವರ ಮನೆಗೇ ಹೋಗಿ ಸ್ನಾನ ಮಾಡಿಸಲು, ಗುಳಿಗೆ ನುಂಗಿಸಲು ಕೆಲವು ಸಹಾಯಕಿಯರು. ನಕ್ಷೆ ಮಾಡಿದವನು ಎಳೆ ವಯಸ್ಸಿನ ಇಂಜಿನಿಯರ್. ಉತ್ಸಾಹದಿಂದ ಗೆರೆಗಳ ಮೇಲೆ ಬೆರಳು ಓಡಿಸಿ ತೋರಿಸಿದ. ಜಾಗವನ್ನೂ ಗುರುತಿಸಿದ್ದರು. ಅದರ ಒಂದು ಬದಿಗೆ ರುದ್ರಭೂಮಿ, ಇನ್ನೊಂದು ಬದಿಗೆ ಹೊಸದಾಗಿ ಆದ ಅಗಲ ರಸ್ತೆ. ರುದ್ರಭೂಮಿಯ ಸುದ್ದಿ ತಿಳಿದ ನಮ್ಮ ಓಣಿಯ ಹಿರಿಯರೊಬ್ಬರು, "ಚಲೋ ಆತು ಬಿಡ್ರಿ, ಹೊತ್ತವರ ಹೆಗಲಾ ನೋಯಾಂಗಿಲ್ಲ" ಎಂದರು. ಎಲ್ಲರೂ ರುದ್ರಭೂಮಿಯನ್ನೇ ನೋಡಿದರು. ನಾನು ಆ ರಸ್ತೆಯನ್ನು ನೋಡಿದೆ. ಹೊಸ ರಸ್ತೆಯ ಪಕ್ಕದ ಜಾಗವನ್ನು ಮುದುಕರಿಗೆ ಸುಮ್ಮನೆ ಯಾರು ಬಿಟ್ಟುಕೊಡುತ್ತಾರೆ?

ಯಾರಿಗೆ ಏನು ಬೇಕೆಂದು ಮನೆಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದರು. ಯೋಜನೆಯ ಅಧಿಕಾರಿ ಮೈಸೂರಿನ ಕಡೆಯವರು. "ನಿಮಗೆ ಈ ಊರಿನ ಮನೆ ಬಾಗಿಲುಗಳೆಲ್ಲ ಗೊತ್ತಲ್ಲ ಮೇಡಂ" ಎಂದರು. ಗೊತ್ತು ನಿಜ. ಆ ಬಾಗಿಲುಗಳಿಗೂ ನಾನು ಗೊತ್ತು ಎಂಬುದನ್ನು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ನಾನು ಓಣಿಗೆ ಕಾಲಿಡುತ್ತಲೇ ಮಂದಿ ರೇಷನ್ ಕಾರ್ಡು ಹುಡುಕತೊಡಗಿದರು. ಒಂದು ಮನೆಯಲ್ಲಿ, ಕಟ್ಟೆಯ ಮೇಲೆ ಕಣ್ಣೆದುರೇ ಕೂತಿದ್ದ ಅಜ್ಜನನ್ನು ತೋರಿಸಿ, "ಅಜ್ಜಾರು ನಮ್ಮ ಮನಿಯವರ ಅಲ್ರಿ, ಮುದನಾಳದಿಂದ ಬಂದಾರ, ಇವತ್ತ ಹೋಗ್ತಾರ" ಎಂದರು. ಕಾರ್ಡಿನಲ್ಲಿ ಹೆಸರಿಲ್ಲದವನು ಮನೆಯಲ್ಲಿ ಕಂಡರೆ ಏನಾದರೂ ತಕರಾರು ಆದೀತೆಂದು ಹೆದರಿಕೆ. ಇನ್ನೊಂದು ಮನೆಯಲ್ಲಿ ಅದೇ ಹೆದರಿಕೆ ತಿರುಗುಮುರುಗಾಗಿತ್ತು: ಮುದುಕಿ ಬೇರೆ ಕಡೆ ಹೋದಳೆಂದರೆ ಕಾರ್ಡಿನಿಂದ ಹೆಸರು ತೆಗೆಯುತ್ತಾರೆ, ಆಕೆಯ ಪಾಲಿನ ಅಕ್ಕಿ ನಿಲ್ಲುತ್ತದೆ. ನಾನು ಅದಕ್ಕೆ ಬಂದಿಲ್ಲ ಎಂದು ಎಷ್ಟು ಹೇಳಿದರೂ ಅವರ ಮುಖ ಸಡಿಲಾಗಲಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನಾದರೂ ನಂಬುತ್ತಿದ್ದೆನೇ?

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಮ್ಮ ಕಡೆ ಬಂದವರನ್ನು ಕೂಡಿಸುವುದು ಮನೆಯ ಮುಂದಿನ ಕಟ್ಟೆಯ ಮೇಲೆ. ಕಟ್ಟೆಯ ಮೇಲೆ ಆಡಿದ ಮಾತು ಎದುರು ಮನೆಗೂ ಕೇಳುತ್ತದೆ, ದಾರಿಯಲ್ಲಿ ಹೋಗುವವರಿಗೂ ಕೇಳುತ್ತದೆ. ಅದಕ್ಕೇ ಕಟ್ಟೆಯ ಮೇಲೆ ಯಾರೂ ಮನೆಯ ಕೊರತೆ ಆಡುವುದಿಲ್ಲ. ಉಪವಾಸ ಇದ್ದರೂ ಕಟ್ಟೆಯ ಮೇಲೆ ಕೂತವರು ಊಟ ಆಯಿತು ಎನ್ನುತ್ತಾರೆ. ಒಬ್ಬ ಮುದುಕಿಗೆ ಎರಡೂ ಕಣ್ಣಿಗೆ ಪೊರೆ ಬಂದು ನನ್ನ ಮುಖದ ಬದಲು ಕಂಬದ ಕಡೆ ನೋಡಿ ಮಾತಾಡುತ್ತಿದ್ದಳು. ಮಗ ಪಕ್ಕದಲ್ಲೇ ನಿಂತಿದ್ದ.

"ಹೇಳಬೇ ಯವ್ವಾ, ಏನರ ಕಮ್ಮಿ ಮಾಡೀವೇನು?"

"ಏನೂ ಕಮ್ಮಿ ಇಲ್ಲವ್ವಾ. ಸೊಸಿ ಬಂಗಾರದಂಥಾಕಿ ಅದಾಳ" ಎಂದು ಮುದುಕಿ ಕಂಬಕ್ಕೆ ಹೇಳಿದಳು.

ನಾನು ಅವಳ ಜೊತೆ ಸ್ವಲ್ಪ ಒಳಗೆ ಕೂತು ಮಾತಾಡುತ್ತೇನೆ ಎಂದದ್ದೇ ತಡ, ಮಗನ ದನಿ ಏರಿತು. "ಒಳಗ ಕರ್ಕೊಂಡು ಹೋಗಿ ಏನು ಕೇಳಾವರಿದ್ರಿ? ನಮ್ಮವ್ವನ್ನ ನಾವು ನೋಡಂಗಿಲ್ಲ ಅಂತ ಯಾರು ಹೇಳ್ಯಾರ್ರಿ ನಿಮಗ? ಅವರ ಹೆಸರು ಹೇಳ್ರಿ ಮೊದಲ."

ಕೊನೆಗೆ ಇಡೀ ಊರು ಸುತ್ತಿ ಬಂದ ಮೇಲೆ ಸಿಕ್ಕಿದ್ದು ಇಷ್ಟು: ನಮ್ಮೂರಿನಲ್ಲಿ ನೋಡಿಕೊಳ್ಳುವವರಿಲ್ಲದ ಮುದುಕರು ಒಬ್ಬರೂ ಇಲ್ಲ. ಸಭೆಯಲ್ಲಿ ನಾನು ಅದನ್ನೇ ಹೇಳಿದೆ. ಬೇರೆ ಏನು ಹೇಳಲಿ? ಅಧಿಕಾರಿ, "ಹಾಗಾದರೆ ಅವಶ್ಯಕತೆಯೇ ಇಲ್ಲ ಅಂತಾಯ್ತು" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ವಾರ್ಡಿನ ಸದಸ್ಯ ಕೂಡಲೇ, "ಜಾಗಾ ಖಾಲಿ ಬಿಡೂದ್ಯಾಕ್ರಿ, ರಸ್ತಾಕ್ಕ ಮುಖಾ ಮಾಡಿ ಅಂಗಡಿ ಕಟ್ಟಿದ್ರ ಊರಿಗೇ ಚಲೋ" ಎಂದ. ಮುಂದಿನ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದು ಎದ್ದರು. ಆಗ ನನಗೆ ಹೊಳೆಯಿತು. ನನ್ನನ್ನು ಸಮಿತಿಗೆ ಹಾಕಿದ್ದು ನಾನು ಹೂಂ ಎನ್ನಲಿ ಎಂದಲ್ಲ. ಇಲ್ಲ ಎನ್ನಲಿ ಎಂದು. ಹೌದೋ ಅಲ್ಲವೋ, ಇವತ್ತಿಗೂ ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಅಂಗಡಿಯ ಮಾತು ಅವನ ಬಾಯಿಂದ ಅಷ್ಟು ಸರಾಗವಾಗಿ ಬಂದದ್ದು ನನಗೆ ಸೇರಲಿಲ್ಲ.

ಅದೇ ದಿನಗಳಲ್ಲಿ ಮನೆಯೊಳಗೂ ಒಂದು ಸಂಶಯ ಹುಟ್ಟಿತ್ತು.

ನಮ್ಮ ಮನೆಯವರಿಗೆ ಒಬ್ಬ ಅಕ್ಕ. ನಾನೂ ಅವರನ್ನು ಅಕ್ಕಾರ ಎಂದೇ ಕರೆಯುತ್ತೇನೆ. ಚಿಕ್ಕ ವಯಸ್ಸಿಗೇ ರಾಮಸಮುದ್ರಕ್ಕೆ ಕೊಟ್ಟಿದ್ದರು. ಮೈಮೇಲಿನ ಅರಿಸಿನ ಆರುವ ಮೊದಲೇ ಗಂಡ ತೀರಿಕೊಂಡು, ಭೀಮಾ ದಂಡೆಯ ತವರಿಗೆ ತಿರುಗಿ ಬಂದರು. ತಾಯಿ ಹೊಲಕ್ಕೆ ಹೋದಾಗ ತಮ್ಮನನ್ನು ಎತ್ತಿ ಬೆಳೆಸಿದರು. ತಂದೆತಾಯಿಯ ಕೊನೆಗಾಲದ ಸೇವೆ ಮಾಡಿದರು. ಆಮೇಲೆ ತಮ್ಮನ ಹಿಂದೆ ನಮ್ಮ ಮನೆಗೆ ಬಂದರು. ಜಗಳವಾಡಿದವರಲ್ಲ, ಕೇಳಿ ತಿಂದವರಲ್ಲ. ಅವರ ಹಾಸಿಗೆ ಪಡಸಾಲೆಯಲ್ಲಿ, ಅಡುಗೆಮನೆಗೆ ಹೋಗುವ ದಾರಿಯ ಪಕ್ಕ. ಅವರ ಪೆಟ್ಟಿಗೆ ನಮ್ಮ ಮಂಚದ ಕೆಳಗೆ. ಬೆಳಿಗ್ಗೆ ಮನೆಯಲ್ಲಿ ಮೊದಲು ಸುತ್ತಿ ಇಡುವ ಹಾಸಿಗೆ ಅವರದೇ, ಯಾಕೆಂದರೆ ಅದು ಸುತ್ತದಿದ್ದರೆ ಯಾರೂ ಓಡಾಡಲು ಬರುವುದಿಲ್ಲ.

ಈ ಅಕ್ಕ ಇತ್ತೀಚೆಗೆ ಗಿರಣಿಗೆ ಬಹಳ ಹೋಗತೊಡಗಿದ್ದರು. ಮೊದಲೆಲ್ಲ ದೊಡ್ಡ ಡಬ್ಬಿಯ ತುಂಬ ಜೋಳ ಬೀಸಿಸಿಕೊಂಡು ಬಂದರೆ ಬಹಳ ದಿನಕ್ಕೆ ಸಾಕಾಗುತ್ತಿತ್ತು. ಈಗ ಸಣ್ಣ ಡಬ್ಬಿಯಲ್ಲಿ ಇಷ್ಟಿಷ್ಟೇ ಹಾಕಿಕೊಂಡು, ಸೆರಗು ಸುತ್ತಿಕೊಂಡು ಮಧ್ಯಾಹ್ನ ಹೊರಟುಬಿಡುತ್ತಾರೆ. ಬರುವುದು ಚಹಾದ ಹೊತ್ತಿಗೆ.

"ಅಕ್ಕಾರ, ಒಮ್ಮೆಲೇ ಬೀಸಿಸಿದ್ರ ಆಗತಿತ್ತಲ್ರಿ?" ಎಂದೆ.

"ಹಳೀ ಹಿಟ್ಟಿನ ರೊಟ್ಟಿ ಬಿರಿತಾವವ್ವಾ" ಎಂದರು.

ಈ ಮಾತು ಸುಳ್ಳಲ್ಲ, ತಾಜಾ ಹಿಟ್ಟಿನ ರೊಟ್ಟಿಯೇ ಮೆತ್ತಗೆ. ಆದರೆ ಇಷ್ಟು ವರ್ಷ ಬಿರಿಯದ ರೊಟ್ಟಿ ಈಗ ಬಿರಿಯಲಿಕ್ಕೆ ಹತ್ತಿದ್ದು ಹೇಗೆ? ಹಳೆಯ ಕಸುಬು ಕೈ ಬಿಡಲಿಲ್ಲ. ಅವರು ಒಯ್ಯುವ ಮೊದಲು ಡಬ್ಬಿ ಎತ್ತಿ ಭಾರ ನೋಡಿದೆ, ತಂದ ಮೇಲೂ ನೋಡಿದೆ. ಹಿಟ್ಟು ಸರಿಯಾಗಿತ್ತು. ಯಾರಿಗೂ ಕೊಟ್ಟಿರಲಿಲ್ಲ. ಸರಿಯಾಗಿದ್ದದ್ದೇ ನನ್ನ ತಲೆಯಲ್ಲಿ ಇನ್ನಷ್ಟು ಹುಳ ಬಿಟ್ಟಿತು. ತೂಕದಲ್ಲಿ ಸಿಗದ ಕಳವು ಬೇರೆ ಎಲ್ಲೋ ಇರುತ್ತದೆ ಎಂದು ನಾನು ನಂಬಿದವಳು.

ಒಂದು ಮಧ್ಯಾಹ್ನ ಅವರ ಹಿಂದೆಯೇ ಹೋದೆ. ಕೈಯಲ್ಲಿ ನೆಪಕ್ಕೆ ಒಂದು ಡಬ್ಬಿ ಗೋಧಿ.

ನಮ್ಮ ಗಿರಣಿ ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ಕಿವಿ ಮುಚ್ಚಿ ಹೋಗುವಷ್ಟು ಸದ್ದು. ಯಂತ್ರದ ಪಟ್ಟಿ ಬಡಿಯುತ್ತದೆ, ಕಲ್ಲು ಗುಡುಗುತ್ತದೆ, ಗಾಳಿಯಲ್ಲಿ ಹಿಟ್ಟು ತೇಲುತ್ತದೆ. ಡಬ್ಬಿಗಳು ಸಾಲಾಗಿ ಕೂತಿದ್ದವು. ಗೋಡೆಗೆ ಒರಗಿಸಿದ ಚೀಲಗಳ ಮೇಲೆ ಓಣಿಯ ಮುದುಕಿಯರು ಕೂತಿದ್ದರು. ಎಲ್ಲರ ಹುಬ್ಬಿನ ಮೇಲೆ, ಸೆರಗಿನ ಮೇಲೆ ಬಿಳಿ ಹಿಟ್ಟು. ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಕೂಗಿ ಮಾತಾಡುತ್ತಿದ್ದರು. ಕಂಬಕ್ಕೆ ಮುಖ ಮಾಡಿ ಸೊಸೆಯನ್ನು ಹೊಗಳಿದ್ದ ಆ ಪೊರೆಗಣ್ಣಿನ ಮುದುಕಿಯೂ ಅಲ್ಲಿದ್ದಳು. ಕೈ ಆಡಿಸುತ್ತ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಪಕ್ಕದವಳು ಹಣೆ ಬಡಿದುಕೊಳ್ಳುತ್ತಿದ್ದಳು. ಮೂರನೆಯವರಿಗೆ ಒಂದಕ್ಷರ ಕೇಳುವಂತಿರಲಿಲ್ಲ. ಇಡೀ ಊರಿನಲ್ಲಿ ಗುಟ್ಟು ಆಡಲು ಇರುವುದು ಇದೊಂದೇ ಜಾಗ ಎಂದು ನನಗೆ ಆವತ್ತು ತಿಳಿಯಿತು. ಮಗ ಹಿಂದೆ ಬರುವುದಿಲ್ಲ, ಎದುರು ಮನೆಯವರಿಗೆ ಕೇಳುವುದಿಲ್ಲ, ಬಂದದ್ದು ಯಾಕೆಂದು ಕೇಳಿದರೆ ತೋರಿಸಲು ಡಬ್ಬಿ ಇದೆ.

ಅಕ್ಕ ನನಗೆ ಬೆನ್ನು ಮಾಡಿ ಕೂತಿದ್ದರು. ನಾನು ಚೀಲಗಳ ಈಚೆ ನಿಂತೆ. ಆಗಲೇ ಕರೆಂಟು ಹೋಯಿತು. ಪಟ್ಟಿ ಸಡಿಲಾಯಿತು, ಕಲ್ಲು ನಿಂತಿತು, ಸದ್ದು ಒಮ್ಮೆಲೇ ಆರಿಹೋಯಿತು. ಅಕ್ಕನ ಮಾತು ಮಾತ್ರ ನಿಲ್ಲಲಿಲ್ಲ. ಸದ್ದಿನ ಮೇಲೆ ಕೂಗುತ್ತಿದ್ದ ದನಿಯಲ್ಲೇ, ಶೆಡ್ಡಿನ ತಗಡಿಗೆ ಬಡಿಯುವಂತೆ ಅವರು ಹೇಳಿದರು:

"ಆ ಮುದುಕರ ಮನಿ ಕಟ್ಟಿದ್ರ ಮೊದಲ ನಾ ಹೋಗ್ತೀನಿ! ನನಗೊಂದು ಖೋಲಿ ಬೇಕು. ಒಳಗಿಂದ ಚಿಲಕ ಹಾಕ್ಕೊಂಡು ಕುಂದರತೀನಿ, ಯಾರು ಬಡದರೂ ತಗಿಯಂಗಿಲ್ಲ!"

ಒಬ್ಬಿಬ್ಬರು ನಕ್ಕರು. ಆಮೇಲೆ ನನ್ನನ್ನು ನೋಡಿ ನಗು ನಿಲ್ಲಿಸಿದರು. ಅಕ್ಕ ತಿರುಗಿ ನೋಡಿದರು. ಹುಬ್ಬಿನ ಮೇಲೆ ಹಿಟ್ಟು, ಕಣ್ಣು ದೊಡ್ಡವಾಗಿದ್ದವು.

"ಕರೆಂಟು ಹೋತು ನೋಡು" ಎಂದರು.

ಡಬ್ಬಿ ಎತ್ತಿಕೊಂಡು ಇಬ್ಬರೂ ಮನೆಗೆ ಬಂದೆವು. ನನಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ಅವರ ಬಿಪಿ ಗುಳಿಗೆ ತಪ್ಪಿಸಿದವಳಲ್ಲ. ನಾನು ಉಂಡದ್ದನ್ನೇ ಅವರಿಗೂ ಬಡಿಸಿದವಳು. ಊರ ಮನೆಗಳ ಕಟ್ಟೆ ಕಟ್ಟೆಗೆ ಹೋಗಿ, ಯಾರ ಮನೆಯಲ್ಲಿ ಮುದುಕರಿಗೆ ಕೊರತೆ ಇದೆ ಎಂದು ಮೂಗು ಚಾಚಿ ನೋಡಿ ಬಂದೆ. ಗಿರಣಿಯ ಮಂದಿ ಈಗ ನನ್ನ ಮನೆಯ ಕಡೆ ಮೂಗು ಚಾಚುತ್ತಾರೆ. ಬಾಗಿಲು ಹಾಕಿಕೊಂಡು ಕೇಳಿಯೇಬಿಟ್ಟೆ.

"ನಿಮಗ ಯಾರು ತಲಿ ತುಂಬ್ಯಾರ್ರಿ ಅಕ್ಕಾರ? ನಾ ಏನು ಕಮ್ಮಿ ಮಾಡೀನಿ?"

"ಏನೂ ಕಮ್ಮಿ ಮಾಡಿಲ್ಲ."

"ಇದು ಕಟ್ಟಿ ಅಲ್ರಿ. ಖರೇ ಹೇಳ್ರಿ."

ಅಕ್ಕ ಡಬ್ಬಿಯನ್ನು ಕೆಳಗಿಟ್ಟರು. "ಖರೇನೇ ಹೇಳಾಕತ್ತೀನಿ. ನೀ ಕಮ್ಮಿ ಮಾಡಿಲ್ಲ. ಆದ್ರ ನಾ ಹುಟ್ಟಿದಾಗಿಂದ ದಾರ್ಯಾಗ ಮಲಗೀನವ್ವಾ. ಅಪ್ಪನ ಮನ್ಯಾಗ ಪಡಸಾಲಿ, ಅತ್ತಿ ಮನ್ಯಾಗ ಒಲಿ ಮುಂದ, ಇಲ್ಲೀನೂ ಪಡಸಾಲಿ. ಯಾರರ ನೀರು ಕುಡ್ಯಾಕ ಎದ್ರ ಕಾಲು ಮಡಚ್ಕೋಬೇಕು. ಸೀರಿ ಬಿಚ್ಚಿ ಉಡೂಮುಂದ ಬಾಗಲದ ಕಡಿ ಲಕ್ಷ ಇಡಬೇಕು. ಅಳೂದಾದ್ರ ಹಿತ್ತಲಕ್ಕ ಹೋಗಬೇಕು. ಒಂದು ಬಾಗಲಾ ನಾ ಹಾಕಿ, ನಾ ತಗದು ನೋಡಬೇಕಂತ ಆಸೆ ಆಗ್ಯದ. ಅದು ತಪ್ಪೇನು?"

ನಮ್ಮ ಮನೆಯವರು ಅಲ್ಲೇ ಇದ್ದರು, ಎಲ್ಲ ಕೇಳಿಸಿಕೊಂಡರು. ಅಕ್ಕನಿಗೆ ಏನೂ ಹೇಳದೆ ನನ್ನ ಕಡೆ ತಿರುಗಿ, "ಈ ಮಾತು ಮನಿ ಬಿಟ್ಟು ಹೊರಗ ಹೋಗಬಾರದು. ಮಂದಿ ಏನಂದಾರು?" ಎಂದರು. ಎತ್ತಿ ಬೆಳೆಸಿದ ಅಕ್ಕನನ್ನು ಮುದುಕರ ಮನೆಗೆ ಹಾಕಿದ ಎಂಬ ಹೆಸರು ಹೊತ್ತುಕೊಂಡು ಈ ಊರಿನಲ್ಲಿ ತಿರುಗುವುದು ಅವರಿಗೆ ಸಾವಿನಂತೆ.

ಇದಕ್ಕೆ ಮನೆಯಲ್ಲೇ ಪರಿಹಾರ ಮಾಡಿದರಾಯಿತು ಎಂದುಕೊಂಡೆ. ಕಾಳು ಇಡುವ ಸಣ್ಣ ಕೋಣೆ ಒಂದಿತ್ತು. ಚೀಲಗಳನ್ನು ಒಂದು ಮೂಲೆಗೆ ಸರಿಸಿ, ಮಂಚ ಹಾಕಿಸಿ, ಬಡಗಿಯನ್ನು ಕರೆಸಿ ಬಾಗಿಲಿಗೆ ಒಳಗಿನಿಂದ ಹಿತ್ತಾಳೆಯ ಚಿಲಕ ಜಡಿಸಿದೆ. ಅಕ್ಕ ಅದನ್ನು ಒಮ್ಮೆ ಹಾಕಿ ತೆಗೆದು ನೋಡಿ, "ಚಂದ ಅದ" ಎಂದರು. ಆಮೇಲೆ ಅದನ್ನು ಹಾಕಲೇ ಇಲ್ಲ. ಬಾಗಿಲು ಯಾವಾಗಲೂ ಅರ್ಧ ತೆರೆದೇ ಇರುತ್ತಿತ್ತು. ನಾನು ಹೋಗುತ್ತ ಬರುತ್ತ ಕಣ್ಣು ಹಾಯಿಸಿ ನೋಡುತ್ತಿದ್ದೆ.

"ಚಿಲಕ ಯಾಕ ಹಾಕ್ಕೊಳ್ಳಂಗಿಲ್ರಿ?"

"ಜ್ವಾಳದ ಡಬ್ಬಿ ಒಳಗದ. ನೀ ಯಾವಾಗ ಬರ್ತಿಯೋ ಏನೋ."

ಜೋಳದ ಡಬ್ಬಿಯನ್ನು ಅಡುಗೆಮನೆಗೆ ತಂದಿಟ್ಟೆ. ಆದರೂ ಬಾಗಿಲು ಅರ್ಧ ತೆರೆದೇ ಇತ್ತು. ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೇನೋ ಎಂದು ಕೂಡ ಯೋಚಿಸಿದೆ. ನನ್ನ ತಲೆ ಅಂಥದು. ಅಷ್ಟರಲ್ಲಿ ಮಗಳು ಮಕ್ಕಳನ್ನು ಕರೆದುಕೊಂಡು ರಜೆಗೆ ಬರುತ್ತೇನೆ ಎಂದು ಫೋನು ಮಾಡಿದಳು. ಮಲಗಲು ಜಾಗ ಎಲ್ಲಿ ಎಂದು ನಾನು ಲೆಕ್ಕ ಹಾಕುತ್ತ, ಅಕ್ಕನಿಗೆ ಹೇಗೆ ಹೇಳಲಿ ಎಂದು ಮಾತು ಹೊಂದಿಸಿಕೊಳ್ಳುತ್ತ ಪಡಸಾಲೆಗೆ ಬಂದೆ. ಅವರ ಹಾಸಿಗೆ ಆಗಲೇ ಹಳೆಯ ಜಾಗದಲ್ಲಿ, ದಾರಿಯ ಪಕ್ಕ ಸುತ್ತಿ ಇಟ್ಟಿತ್ತು. ಪೆಟ್ಟಿಗೆ ಮತ್ತೆ ನಮ್ಮ ಮಂಚದ ಕೆಳಗೆ ಸೇರಿತ್ತು.

"ನಾ ಏನೂ ಅಂದಿಲ್ಲಲ್ರಿ" ಎಂದೆ.

"ಅನ್ನಾಕಿ ಇದ್ದಿ" ಎಂದರು ಅಕ್ಕ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಆ ಚಿಲಕ ನೀ ಹಾಕಿಸಿದ್ದವ್ವಾ. ನೀ ತಗಿ ಅಂದ್ರ ತಗೀಬೇಕಾಗ್ತದ. ಅದಕ್ಕ ಅದರ ರೂಢಿ ಮಾಡ್ಕೊಳ್ಳಲಿಲ್ಲ."

ನಾನು ಲೋಕವನ್ನೆಲ್ಲ ಅನುಮಾನಿಸುತ್ತ ಕೂತಿದ್ದೆ. ನಮ್ಮ ಮನೆಯಲ್ಲಿ ಒಬ್ಬರು ನನ್ನನ್ನು ಅನುಮಾನಿಸಿದ್ದರು, ಮತ್ತು ಅವರ ಅನುಮಾನ ನಿಜವಾಗಿತ್ತು.

ಮಗಳು ಬಂದು ಹೋದ ಮೇಲೆ ನಾನೂ ಸಣ್ಣ ಡಬ್ಬಿ ಹಿಡಿದು ಗಿರಣಿಗೆ ಹೋಗತೊಡಗಿದೆ. ಅಕ್ಕನ ಪಕ್ಕ ಚೀಲದ ಮೇಲೆ ಕೂತೆ. ಮೊದಲು ಯಾರೂ ಹತ್ತಿರ ಬರಲಿಲ್ಲ. ರೇಷನ್ ಮೇಡಂ ಗಿರಣಿಗೂ ಬಂದಳು ಎಂದುಕೊಂಡಿರಬೇಕು. ಅಕ್ಕ ಅವರಿಗೆ ಏನು ಹೇಳಿದರೋ, ಸದ್ದಿನಲ್ಲಿ ನನಗೆ ಕೇಳಲಿಲ್ಲ. ಆಮೇಲೆ ಒಬ್ಬೊಬ್ಬರೇ ನನ್ನ ಕಿವಿಗೆ ಬಾಯಿ ಹಚ್ಚಿದರು. ಎಲೆಯಡಿಕೆಯ ವಾಸನೆ, ಹಿಟ್ಟಿನ ವಾಸನೆ. ಒಬ್ಬಳಿಗೆ ಬಗ್ಗಲು ಬರುವುದಿಲ್ಲ, ಕಾಲಿನ ಉಗುರು ಬೆಳೆದು ಬೆರಳಿಗೆ ಚುಚ್ಚುತ್ತದೆ, ಸೊಸೆಗೆ ತನ್ನ ಕಾಲು ಹಿಡಿ ಎಂದು ಹೇಗೆ ಹೇಳುವುದು? ಇನ್ನೊಬ್ಬಳ ಮನೆಯವರೆಲ್ಲ ಹತ್ತಿ ಬಿಡಿಸಲು ಹೋಗುತ್ತಾರೆ. ಸಂಡಾಸಿಗೆ ಹೋಗುವುದು ತಪ್ಪಲಿ ಎಂದು ಆಕೆ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಪೊರೆಗಣ್ಣಿನ ಮುದುಕಿ ಹೇಳಿದಳು: "ಡಾಕ್ಟರು ಮಗನ ಕೂಡ ಮಾತಾಡ್ತಾರ. ನನ್ನ ಕಣ್ಣಿಗೆ ಏನಾಗ್ಯದಂತ ನನಗ ಯಾರೂ ಹೇಳಿಲ್ಲವ್ವಾ." ಹೇಳಿ ಮುಗಿಸಿದ ಮೇಲೆ ಎಲ್ಲರದೂ ಒಂದೇ ಮಾತು, ಹೆಸರು ಹೇಳಬೇಡ. ಇಲ್ಲ ಎಂದು ಮಾತು ಕೊಟ್ಟೆ.

ತೀರ್ಮಾನದ ಸಭೆಯ ದಿನ ಹೊರಡುವಾಗ ಅಕ್ಕನನ್ನು ಕೇಳಿದೆ. "ಬೇಕಾದ್ರ ನಿಮ್ಮ ಮಾತು ಹೇಳಲೇನ್ರಿ ಅಲ್ಲಿ?"

"ಗಿರಣಿ ಮಂದಿ ಎಲ್ಲಾ ಕೇಳ್ಯಾರ. ಇನ್ನೇನು ಉಳದದ? ಹೇಳು" ಎಂದರು.

ಸಭೆಯಲ್ಲಿ ನಾನು ಹೋದ ಸಲ ಹೇಳಿದ್ದು ತಪ್ಪು ಎಂದೆ. ಕಟ್ಟೆಯ ಮೇಲೆ ಕೇಳಿದ್ದಕ್ಕೆ ಯಾರೂ ನಿಜ ಹೇಳಲಿಲ್ಲ, ಗಿರಣಿಯಲ್ಲಿ ಹೇಳಿದರು ಎಂದು ವಿವರಿಸಿದೆ. ಅಧಿಕಾರಿಗೆ ಗಿರಣಿ ಯಾಕೆ ಬಂತೆಂದು ತಿಳಿಯಲಿಲ್ಲ. ವಾರ್ಡಿನ ಸದಸ್ಯನಿಗೆ ಚೆನ್ನಾಗಿಯೇ ತಿಳಿಯಿತು.

"ಕಟ್ಟಿ ಮ್ಯಾಲ ಇಲ್ಲ ಅಂದವರು ಗಿರಣ್ಯಾಗ ಹೌದು ಅಂದ್ರ ನಾವು ಯಾವದು ಖರೇ ಹಿಡೀಬೇಕ್ರಿ ಮೇಡಮ್ಮಾರ? ಒಬ್ಬರ ಹೆಸರು ಹೇಳ್ರಿ. ಇಲ್ಲೇ ಕರಸೂಣು, ಎಲ್ಲಾರ ಮುಂದ ಕೇಳೂಣು."

ಎಲ್ಲರ ಮುಂದೆ ಕೇಳಿದರೆ ಏನು ಉತ್ತರ ಬರುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅಲ್ಲಿದ್ದವರೆಲ್ಲ ನಮ್ಮ ಮನೆಯವರನ್ನು ಬಲ್ಲವರು. ಸಂಜೆಯೊಳಗೆ ಮಾತು ಊರು ಸುತ್ತಿ ಅವರ ಕಿವಿಗೆ ಬೀಳುತ್ತದೆ.

"ಕರಸೂದು ಬ್ಯಾಡ್ರಿ. ನಮ್ಮ ಮನ್ಯಾಗ ಒಬ್ಬರು ಅದಾರ. ನಮ್ಮ ಮನಿಯವರ ಅಕ್ಕ. ಅವರಿಗೆ ಅಲ್ಲಿ ಒಂದು ಖೋಲಿ ಬೇಕಾಗ್ಯದ. ನಾನು ಅವರಿಗೆ ಉಣ್ಣಾಕ ಹಾಕೀನಿ, ಔಷಧ ಕೊಡಿಸೀನಿ. ಅಷ್ಟಾದ್ರೂ ಅವರಿಗೆ ಬೇಕಾಗ್ಯದ."

ಯಾರೂ ನಗಲಿಲ್ಲ. ಸದಸ್ಯ ತಲೆ ಕೆಳಗೆ ಹಾಕಿದ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಸದಸ್ಯೆ, ಅಲ್ಲಿಯ ತನಕ ಬಾಯಿ ಬಿಡದಿದ್ದವಳು, "ನಮ್ಮತ್ತೀನೂ ಒಬ್ಬಾಕಿ ಅದಾಳ್ರಿ" ಎಂದಳು. ಅವಳ ಹಿಂದೆ ಇನ್ನೊಬ್ಬರು.

ನಾನು ಸಡಿಲ ಬಿಡಲಿಲ್ಲ. ಇಂಜಿನಿಯರನ ನಕ್ಷೆ ಎಳೆದುಕೊಂಡು, ಬಾಗಿಲಿಗೆ ಚಿಲಕ ಯಾವ ಕಡೆ ಎಂದು ಕೇಳಿದೆ.

"ಹೊರಗಡೆ ಮಾತ್ರ, ಮೇಡಂ. ಒಳಗೆ ಬಿದ್ದುಬಿಟ್ಟರೆ ತೆಗೆಯೋಕೆ ಬೇಕಲ್ಲ?"

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಹೇಳಿದೆ, "ಹೊರಗ ಚಿಲಕ ಇದ್ರ ಅದು ಮನಿ ಅಲ್ಲಪ್ಪಾ, ದನದ ಕೊಟ್ಟಗಿ." ಕೊನೆಗೆ ಒಳಗಡೆ ಚಿಲಕ, ಅಪಾಯಕ್ಕೆಂದು ಹೊರಗಿನಿಂದ ಒಂದು ಕೀಲಿಯಿಂದ ತೆಗೆಯುವಂತೆ ಮಾಡೋಣ ಎಂದು ಒಪ್ಪಿದ. ಆ ಕೀಲಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. ನರ್ಸಿನ ಕೈಯಲ್ಲಿ ಎಂದ. ನರ್ಸು ಯಾರು ಎಂದೆ. ಇನ್ನೂ ಯಾರೂ ಇಲ್ಲ ಮೇಡಂ ಎಂದು ನಕ್ಕುಬಿಟ್ಟ. ಮನೆಗಳು ಅಲ್ಲೇ ಆಗಬೇಕು ಎಂದು ಸಭೆ ಒಪ್ಪಿತು.

ನಮ್ಮ ಮನೆಯವರು ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ರೊಟ್ಟಿ ಬಡಿಸಿದರೆ ತಿಂದು ಎದ್ದು ಹೋಗುತ್ತಿದ್ದರು. ಒಂದು ದಿನ ತಡೆಯಲಾರದೆ ಅಕ್ಕನ ಎದುರು ಕೂತರು. "ಅಕ್ಕಾ, ನಾ ನಿನಗ ಬ್ಯಾಡಾದ್ನೇನು?"

"ನೀ ಕೂಸಿದ್ದಾಗ ವರ್ಷಗಟ್ಲೆ ನನ್ನ ಎದಿ ಮ್ಯಾಲ ಮಲಗೀದಿ" ಎಂದರು ಅಕ್ಕ. "ಬ್ಯಾಡಾಗಿಲ್ಲಪ್ಪಾ. ಅಲ್ಲಿಗೆ ಬಾ, ಚಹಾ ಮಾಡಿ ಕೊಡ್ತೀನಿ. ನಿನಗ ನನ್ನ ಮನ್ಯಾಗ ಇಲ್ಲೀತನಾ ಯಾವತ್ತೂ ಚಹಾ ಕೊಟ್ಟಿಲ್ಲ ನಾ."

ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ನಾನು ಹಿಂದೆ ಹೋಗಲಿಲ್ಲ.

ಜಾಗದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿದ್ದಾರೆಂದು ಸುದ್ದಿ ಬಂದಾಗ ಅಕ್ಕ ನೋಡಲೇಬೇಕೆಂದರು. ಆಟೋದಲ್ಲಿ ಕರೆದುಕೊಂಡು ಹೋದೆ. ರುದ್ರಭೂಮಿಯ ಬೇವಿನ ಮರಗಳು ಒಂದು ಕಡೆ, ಲಾರಿಗಳು ಓಡುವ ರಸ್ತೆ ಇನ್ನೊಂದು ಕಡೆ. ನಡುವೆ ಕರಿ ನೆಲದ ಮೇಲೆ ಬಿಳಿ ಗೆರೆಗಳ ಚೌಕಗಳು. ಒಂದು ಮಳೆ ಬಿದ್ದರೆ ತೊಳೆದು ಹೋಗುವ ಗೆರೆ. ಇಂಥ ಗೆರೆಗಳನ್ನು ನಾನು ನೌಕರಿಯಲ್ಲಿ ಬಹಳ ನೋಡಿದ್ದೇನೆ, ಅವುಗಳ ಮೇಲೆ ಹುಲ್ಲು ಬೆಳೆದದ್ದನ್ನೂ ನೋಡಿದ್ದೇನೆ. ಅಂಗಡಿಯ ಮಾತು ಆಡಿದವನ ಬಿಳಿ ಕಾರು ರಸ್ತೆಯ ಬದಿಗೆ ನಿಂತಿತ್ತು. ಯಾಕೆ ನಿಂತಿದೆ ಎಂದು ಅತ್ತಲೇ ನೋಡುತ್ತಿದ್ದೆ.

ಅಕ್ಕ ಕೊನೆಯ ಚೌಕದ ಸುತ್ತ ನಡೆದು, ಗೆರೆ ಬಿಟ್ಟ ಜಾಗ ಕಂಡು ಅಲ್ಲಿಂದಲೇ ಒಳಗೆ ಹೋದರು. ಅದು ಬಾಗಿಲು ಬರುವ ಜಾಗ. ಗೆರೆ ಒಂದೂ ತುಳಿಯಲಿಲ್ಲ. ನಡುವೆ ನಿಂತು ಗೋಡೆ ಬರುವ ಕಡೆಗಳನ್ನೆಲ್ಲ ನೋಡಿದರು, ಮಂಚ ಎಲ್ಲಿ ಹಾಕುವುದೆಂದು ಕೈಯಿಂದ ಅಳೆದರು. ನಾನು ಮಾತಾಡುತ್ತ ಅವರ ಹಿಂದೆಯೇ ಹೆಜ್ಜೆ ಹಾಕಿದೆ.

"ಅಲ್ಲೇ ನಿಂದ್ರು" ಎಂದರು ಅಕ್ಕ. "ಯಾರಂತ ಹೇಳಿ ಬಾ."

ಸುತ್ತ ಬಯಲು. ಗೋಡೆಯಿಲ್ಲ, ಬಾಗಿಲಿಲ್ಲ, ಚಿಲಕವಿಲ್ಲ. ರಸ್ತೆಯ ಮಂದಿ ನೋಡುತ್ತಿದ್ದರು. ನಾನು ಎತ್ತಿದ ಕಾಲನ್ನು ಹಿಂದೆ ತೆಗೆದು, ಸುಣ್ಣದ ಗೆರೆಯ ಈಚೆ ನಿಂತುಕೊಂಡೆ.

"ನಾ ಬಂದೀನ್ರಿ, ಅಕ್ಕಾರ."

ಅಕ್ಕ ಕೂಡಲೇ ಬಾ ಎನ್ನಲಿಲ್ಲ. ಸೆರಗು ಸರಿಮಾಡಿಕೊಂಡರು, ರುದ್ರಭೂಮಿಯ ಕಡೆಯ ಗೋಡೆಯಲ್ಲಿ ಕಿಟಕಿ ಬರುವ ಜಾಗವನ್ನು ಇನ್ನೊಮ್ಮೆ ನೋಡಿದರು, ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡರು. ನಾನು ಹೊರಗೆ ನಿಂತು ಕಾದೆ.